ಗೋಡೆಗೆ ಒಂದು ಗೇಣು

ಹದಡಿ ರಸ್ತೆಯ ಕಾಲೇಜು, ಮೂರನೇ ಮಹಡಿಯ ಲ್ಯಾಬು.
ಆರಕ್ಕೆ ಹೊರಟ ಕಾರು
ಏಳು ಬಡಿದರೂ ಗೋಡೆ ಮುಟ್ಟಿಲ್ಲ.
ಗಂಟೆಗೆ ಐವತ್ತಾರು ಕಿಲೋಮೀಟರು ವೇಗ,
ನಡುವೆ ಇರುವುದು ಒಂದು ಗೇಣು.
ಕಣ್ಣು ಮಿಟುಕಿಸುವಷ್ಟರ ಡಿಕ್ಕಿಗೆ
ಈ ಹಳೇ ಕಂಪ್ಯೂಟರಿಗೆ ಇಡೀ ರಾತ್ರಿ ಬೇಕು.

ಪೇಪರ್ ಪೊಟ್ಟಣದಲ್ಲಿ ನರ್ಗಿಸ್ ಮಂಡಕ್ಕಿ,
ತಿನ್ನುತ್ತ ಕಾಯುತ್ತೇನೆ.
ತೆರೆಯ ಮೇಲೆ ತಗಡೆಲ್ಲ ಸಣ್ಣ ಸಣ್ಣ ಚೌಕ, ಎಂಟು ಲಕ್ಷ;
ಒಂದು ಚೌಕ ಪಕ್ಕದ ಚೌಕವನ್ನು ಕೇಳುತ್ತದೆ:
ನಿನಗೆಷ್ಟು ಪೆಟ್ಟು? ಅದರಲ್ಲಿ ನನ್ನ ಪಾಲೆಷ್ಟು?

ಮೊದಲ ಸಲ ಎಲ್ಲವನ್ನೂ ಗಟ್ಟಿ ಉಕ್ಕಿನಲ್ಲೇ ಮಾಡಿದ್ದೆ.
ಕಾರಿಗೆ ಹೆಚ್ಚೇನೂ ಆಗಲಿಲ್ಲ.
ಕೂತವನ ಎದೆಯ ಗೆರೆ ಮಾತ್ರ
ತೆರೆಯ ಮೇಲಂಚು ದಾಟಿ ಹೋಯಿತು.

ಹೆಬ್ಬಾಳು ಟೋಲಿನ ಕಡೆಯಿಂದ ಎಳೆದು ತಂದ ಕಾರುಗಳಿಗೆ
ಮೂವತ್ತು ವರ್ಷ ಸುತ್ತಿಗೆ ಹಿಡಿದ ಹಯಾತ್‌ಸಾಬರು
ಇದನ್ನು ಕೇಳಿ ನಕ್ಕಿದ್ದರು:
"ಅಕ್ಕಿ ಚೀಲದ ಮೇಲೆ ಬಿದ್ದು ನೋಡವ್ವಾ,
ಆಮೇಲೆ ಮಂಡಕ್ಕಿ ಚೀಲದ ಮೇಲೆ ಬೀಳು.
ಎರಡೂ ಅಕ್ಕೀನೇ."

ಅದಕ್ಕೇ ಈಗ ಮೂತಿಗೆ ಮೆತ್ತನೆಯ ಅಲ್ಯೂಮಿನಿಯಂ,
ಸೀರೆ ನೆರಿಗೆಯಂತೆ ಒಂದರ ಹಿಂದೊಂದು ಮಡಚಿಕೊಳ್ಳಲಿ.
ಬಾಗಿಲ ನಡುಗಂಬಕ್ಕೆ ಬೋರಾನ್ ಉಕ್ಕು,
ಕೆಂಪಗೆ ಕಾಯಿಸಿ, ಅಚ್ಚಿನಲ್ಲಿ ಒತ್ತಿ, ಗಕ್ಕನೆ ತಣಿಸಿದ್ದು;
ಅದು ಬಗ್ಗಕೂಡದು.
ಎಲ್ಲಿ ಸೋಲಬೇಕೆಂದು ಮೊದಲೇ ಗೆರೆ ಎಳೆದಿಡುವುದು,
ಸಂಬಳವಿಲ್ಲದ ನನ್ನ ಈ ಕೆಲಸ.

ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ಶೆಡ್ಡಿಗೆ ಹೋದೆ.
ಗ್ರೀಸಿನ ಕೈ ಒರೆಸಿಕೊಂಡು ನೋಡಿದರು, ಎರಡೆರಡು ಸಲ,
ನೆರಿಗೆ ಬೀಳುವುದನ್ನು. ತಲೆದೂಗಿದರು.
"ಒಳಗೆ ಕೂತೋರು ಯಾರು?"
ಗೊಂಬೆ, ಎಪ್ಪತ್ತೆಂಟು ಕೆ.ಜಿ., ಐದಡಿ ಒಂಬತ್ತಿಂಚು, ಎಂದೆ.
"ಅಷ್ಟುದ್ದ ನಮ್ಮ ಓಣ್ಯಾಗೆ ಯಾರವ್ವಾ ಅದಾರೆ?
ನಮ್ಮ ಸೊಸೆ ಮುಬೀನಾ, ಸೀಟು ಮುಂದಕ್ಕೆಳೆದು
ಬೆನ್ನಿಗೆ ದಿಂಬು ಕೊಟ್ಟು, ಸ್ಟೇರಿಂಗ್ ಅಪ್ಪಿಕೊಂಡು ಹೊಡೀತಾಳೆ,
ಹರಿಹರದ ಶಾಲೆಗೆ, ದಿನಾ.
ಆಕೀನ ಕೂರಿಸಿ ನೋಡಿದ್ಯಾ?"

ನೋಡಿರಲಿಲ್ಲ.
ಸುತ್ತಿಗೆಯ ಸದ್ದು ಮತ್ತೆ ಶುರುವಾಯಿತು.

ಸಂಜೆ ಆರು. ಕಾರು ಗೋಡೆಗೆ ಒಂದು ಗೇಣು.
ಸೀಟು ಮುಂದಕ್ಕೆ ಎಳೆದಿದ್ದೇನೆ.
ದಿಂಬಿನ ಹತ್ತಿಗೆ ಯಾವ ಅಂಕಿ ಕೊಡಬೇಕೋ
ಪುಸ್ತಕದಲ್ಲಿ ಎಲ್ಲೂ ಇಲ್ಲ.
ಫೋನು ಮಾಡಿ ಕೇಳಿದೆ: ಎತ್ತರ, ತೂಕ,
ಭುಜದಿಂದ ಸೊಂಟಕ್ಕೆ ಎಷ್ಟು.
ಆಚೆ ಒಂದು ಗಳಿಗೆ ಮೌನ, ಆಮೇಲೆ ನಗು:
"ಯಾಕಕ್ಕಾ, ಬ್ಲೌಸ್ ಹೊಲೀತೀರಾ?"