ಗುಡಿಸು

ರಾತ್ರಿ ಒಂಬತ್ತೂವರೆಗೆ ಮೊದಲ ಪ್ರೂಫ್ ಬರುತ್ತದೆ,
ಶಾಯಿ ಇನ್ನೂ ಬೆರಳಿಗೆ ಹತ್ತುವಷ್ಟು ಹಸಿ.
ತಾಲ್ಕಹುವಾನೋ ಬಂದರಿನ ಪುಟ್ಟ ಪತ್ರಿಕೆಯಲ್ಲಿ
ರೆಮಿಹಿಯಾ ಓಯರ್ಸೂನ್ ಕರಡು ತಿದ್ದುತ್ತಾಳೆ,
ಮೂವತ್ತೊಂದು ವರ್ಷದಿಂದ, ಅದೇ ಕುರ್ಚಿ,
ಕಾಲ ಬಳಿ ಅದೇ ಸೀಮೆಎಣ್ಣೆ ಒಲೆ.

ಕ್ರಿಯಾಪದಗಳ ಜಾತಕ ಅವಳಿಗೆ ಗೊತ್ತು.
ಸಚಿವರು ‘ಒತ್ತಿ ಹೇಳುತ್ತಾರೆ’, ಪೊಲೀಸರು ‘ತಿಳಿಸುತ್ತಾರೆ’,
ಬಡವರು ‘ಆರೋಪಿಸುತ್ತಾರೆ’.
ಆದರೆ ‘ಇಚ್ಛಿಸು’ ಎಂಬುದೊಂದಿದೆ ನೋಡಿ,
ಅದು ಎಲ್ಲರ ಮನೆಯಲ್ಲೂ ಉಣ್ಣುತ್ತದೆ.
ಪ್ರತಿಕ್ರಿಯಿಸಲು ಇಚ್ಛಿಸಲಿಲ್ಲ, ಅಂದರೆ ಫೋನು ಎತ್ತಲಿಲ್ಲ.
(ಒಮ್ಮೆ, ನಾವು ಫೋನೇ ಮಾಡಿರಲಿಲ್ಲ.)
ಕುಟುಂಬ ಏಕಾಂತ ಇಚ್ಛಿಸಿದೆ, ಅಂದರೆ ಬಾಗಿಲಲ್ಲಿ ವಕೀಲ ನಿಂತಿದ್ದ.
ಮೀನುಪುಡಿ ಕಾರ್ಖಾನೆಯ ನಲವತ್ತು ಮಂದಿ
ಸ್ವಇಚ್ಛೆಯಿಂದ ನಿವೃತ್ತರಾದರು ಎಂದು ಅಚ್ಚಾದ ದಿನ
ಅಷ್ಟೂ ಮಂದಿ ಗೇಟಿನ ಹೊರಗೆ
ಟೈರು ಸುಡುತ್ತ ಕೂತಿದ್ದರು;
ಹೊಗೆ ಇವಳ ಕಿಟಕಿಗೇ ಬರುತ್ತಿತ್ತು.

ಆಗಸ್ಟಿನ ಆ ಗುರುವಾರ ಬಂದದ್ದು ದೋಣಿಯ ಸುದ್ದಿ:
‘ಬಂದರು ಮುಚ್ಚಿದ್ದರೂ ಕಡಲಿಗಿಳಿಯಲು ಇಚ್ಛಿಸಿದ ನಾಲ್ವರು.’
ಇಚ್ಛಿಸಿದರಂತೆ.
ಹತ್ತೊಂಬತ್ತರ ಹುಡುಗ, ಇಪ್ಪತ್ತು ದಿನದ ಬಾಕಿ ಕೂಲಿ,
ಇವತ್ತು ಬರದಿದ್ದರೆ ನಾಳೆಯೂ ಬರಬೇಡ ಅಂದ ದೋಣಿಯೊಡೆಯ,
ಇಷ್ಟನ್ನೂ ಒಂದೇ ಪದ ನುಂಗಿ
ಬಾಯಿ ಒರೆಸಿಕೊಂಡಿದೆ.
ನೀಲಿ ಪೆನ್ಸಿಲಿನಿಂದ ಹೊಡೆದುಹಾಕಿ ‘ಇಳಿದ’ ಎಂದಷ್ಟೇ ಬರೆದಳು.
ಸುದ್ದಿ ಸಂಪಾದಕ ಗುಮೆರ್ಸಿಂದೋ ಅದನ್ನು ಹೊಡೆದು
ಮೊದಲಿನದನ್ನೇ ತಂದು ಕೂರಿಸಿದ.
ಅದೇ ಪುಟದ ಕೆಳಗೆ ದೋಣಿಯೊಡೆಯನ ಜಾಹೀರಾತು:
ಐಸ್ ಪೆಟ್ಟಿಗೆಗಳು, ಸಗಟು ದರ.

ಕೊನೆಯ ಪ್ಯಾರಾ.
‘ಹೆಸರು ಹೇಳಲು ಇಚ್ಛಿಸದ ತಾಯಿಯೊಬ್ಬರು...’
ರೆಮಿಹಿಯಾ ಪೆನ್ಸಿಲು ಕೆಳಗಿಟ್ಟಳು.
ಆ ಹೆಂಗಸು ಮಧ್ಯಾಹ್ನ ಇಲ್ಲಿಗೇ ಬಂದಿದ್ದಳು.
ಮೆಟ್ಟಿಲ ತುಂಬ ಒದ್ದೆ ಉಣ್ಣೆಯ ವಾಸನೆ.
ವರದಿಗಾರ ಹುಡುಗನ ತೋಳು ಹಿಡಿದು
ತನ್ನ ಹೆಸರನ್ನು ಅಕ್ಷರ ಬಿಡಿಸಿ ಬಿಡಿಸಿ ಹೇಳಿದ್ದಳು,
ಎರಡು ಸಲ. ಬರಕೊಂಡೆಯಾ, ತೋರಿಸು, ಅಂದಿದ್ದಳು.

ಅವರ ಭಾಷೆಯಲ್ಲಿ ನಿಷೇಧವೊಂದು ಬಿಡಿ ಪದ,
‘ನೋ’. ಎತ್ತಿಬಿಟ್ಟರೆ ಸಾಲು ತಾನೇ ಕೂಡಿಕೊಳ್ಳುತ್ತದೆ.
ನಮ್ಮಲ್ಲಾದರೆ ಒಂದು ಗುಡಿಸು ಸಾಕು:
ಇಚ್ಛಿಸದ, ಇಚ್ಛಿಸಿದ.
ಅವರಿಗೆ ತೆಗೆಯಬೇಕಾದ್ದು, ನಮಗೆ ಹಚ್ಚಬೇಕಾದ್ದು.
ಹನ್ನೊಂದೂ ಹತ್ತಕ್ಕೆ ಗುಮೆರ್ಸಿಂದೋ ಸಿಗರೇಟಿಗೆಂದು ಎದ್ದುಹೋದಾಗ
ಅವಳು ಗುಡಿಸಿದಳು.

ಬೆಳಗಾದರೆ ಊರು ಓದಿತು:
‘ಹೆಸರು ಹೇಳಲು ಇಚ್ಛಿಸಿದ ತಾಯಿಯೊಬ್ಬರು.’
ಅಷ್ಟೇ. ಹೆಸರು ಮಾತ್ರ ಇಲ್ಲ.
ಮೊದಲು ನಕ್ಕರು.
ಆಮೇಲೆ ಬ್ರೆಡ್ಡಿನಂಗಡಿಯಲ್ಲಿ ಯಾರೋ ಕೇಳಿದರು,
ಇಚ್ಛಿಸಿದಳಂತಲ್ಲ, ಮತ್ತೇನಂತೆ ಹೆಸರು?
ಕ್ಲೊರಿಂದಾ, ಅಂದರು ಬಲೆ ಹೆಣೆಯುವವರು.
ಕ್ಲೊರಿಂದಾ ಮಾನ್ಸಿಯಾ, ಅಂದ ಬಸ್ಸಿನ ಚಾಲಕ,
ಮಗ ಎಲಿಯೆಸೆರ್, ನನಗೆ ಐನೂರು ಪೆಸೊ ಕೊಡಬೇಕಿತ್ತು,
ಅಂದವನು ಯಾಕೋ ಕಿಟಕಿಯ ಗಾಜು ಒರೆಸತೊಡಗಿದ.

ಶನಿವಾರದ ಒಳಪುಟದಲ್ಲಿ ಮೂರು ಸಾಲು:
ದೀರ್ಘಕಾಲದ ಸಹೋದ್ಯೋಗಿ ರೆಮಿಹಿಯಾ ಓಯರ್ಸೂನ್
ಇನ್ನು ವಿಶ್ರಾಂತಿಯನ್ನು ಇಚ್ಛಿಸಿದ್ದಾರೆ.
ಓದಿದಳು. ಒಂದು ಅಲ್ಪವಿರಾಮ ಹೆಚ್ಚಿಗೆ ಬಿದ್ದಿತ್ತು.

ಸೋಮವಾರ ಮೀನುಕಟ್ಟೆಯಲ್ಲಿ ಮಾರುವವಳು
ಒಂದು ಕೈಯಲ್ಲಿ ಸಿಯೆರ್ರಾ, ಒಂದರಲ್ಲಿ ಮೆರ್ಲುಸಾ ಎತ್ತಿ ಹಿಡಿದು
ಕೇಳಿದಳು: ಸೆನ್ಯೋರಾ, ನಿಮಗೆ ಯಾವುದು ಇಷ್ಟ?
ರೆಮಿಹಿಯಾ ತುಂಬ ಹೊತ್ತು ಸುಮ್ಮನೆ ನಿಂತಳು,
ಯಾರೋ ಅಪರಿಚಿತರು ಹೆಸರು ಹಿಡಿದು ಕೂಗಿದ ಹಾಗೆ.
ಹಿಂದೆ ಸಾಲು ಗೊಣಗಿತು.
ಅದು, ಅಂದಳು ಕೊನೆಗೆ, ಬೆರಳು ತೋರಿ.
ಚಿಕ್ಕದು. ತಲೆ ಇರಲಿ.