ಐದೂವರೆಯ ಬಿಸಿ

ಕೊಪ್ಪರಿಗೆಯಿಂದ ಎದ್ದ ಆವಿಗೆ ಕನ್ನಡಕ ಮಬ್ಬಾಗಿ
ಮಡಿಲ ಮೇಲಿನ ಗ್ರಾಫು ಕಾಣದಾಯಿತು.
ಮಾನಸಗಂಗೋತ್ರಿಯ ಹಾಸ್ಟೆಲಿನಿಂದ
ಕೆರಗೋಡಿನ ಸೋದರತ್ತೆಯ ಆಲೆಮನೆಗೆ
ನಾನು ಹೊತ್ತು ತಂದದ್ದು ಇಷ್ಟು:
ಮೂರನೇ ಅಧ್ಯಾಯ, ಒಂದು ಶಾಲು,
ಬಗೆಹರಿಯದ ಒಂದು ಗೆರೆ.

ಜನವರಿ. ಐದೂವರೆ.
ಬೆಳಗಾಗುವ ಗುಮಾನಿ ಕೋಳಿಗೂ ಬಂದಿಲ್ಲ.
ಮುನ್ನೂರು ಕಿಲೋಮೀಟರ್ ಮೇಲೆ ಮಾತ್ರ
ಆಗಲೇ ಬಿಸಿಲು ಬಿದ್ದಿದೆ,
ನಮಗಿಂತ ಒಂದು ಗಂಟೆ ಮೊದಲು.
ಅಲ್ಲಿ ಎಲೆಕ್ಟ್ರಾನುಗಳು
ಮೂರು ಸಾವಿರ ಡಿಗ್ರಿಗೆ ಜಿಗಿಯುವ ಹೊತ್ತಿದು.

"ಮೂರ್ ಸಾವ್ರ?" ಚಿಕ್ಕತಾಯತ್ತೆ
ನೊರೆ ಎತ್ತುವ ಜಾಲರಿಯನ್ನು ಅರ್ಧಕ್ಕೇ ಹಿಡಿದು
ತಗಡಿನ ಸಂದಿಯಿಂದ ಮೇಲೆ ನೋಡಿದಳು.
"ಅಂಗಾದ್ರೆ ಎಲ್ಲಾವ ಉರ್ದೋಗ್ಬೇಕಲ್ಲ ಮಗ?"

ಇಲ್ಲತ್ತೆ. ಅಲ್ಲಿ ಕೈ ಚಾಚಿದರೆ ಆ ಬಿಸಿ ತಾಗುವುದೇ ಇಲ್ಲ.
ತಾಗಲು ಅಷ್ಟು ಮಂದಿ ಅಲ್ಲಿಲ್ಲ.
ಬಿಸಿ ಅಂದರೆ ಅಲ್ಲಿ ಉರಿಯಲ್ಲ, ಓಟ.
ಪಕ್ಕದಲ್ಲೇ ಇರುವ ಅಯಾನು ಮಂದ, ಭಾರ,
ಅದರ ಪಾಡಿಗೆ ಅದು ತಣ್ಣಗಿದೆ.
ಸೊಳ್ಳೆ ಗುದ್ದಿದರೆ ಎಮ್ಮೆ ಎಷ್ಟು ಅಲುಗೀತು?

"ಒಂದೇ ಮನೇಲಿ ಎರಡ್ ಬಿಸಿ," ಅಂದಳು.
ಅವಳಿಗದು ಹೊಸ ಸಂಗತಿಯೇನಲ್ಲ.

ನನ್ನ ತಕರಾರು ಬೇರೆ.
ಹತ್ತು ಗಂಟೆಗೆ ಸೂರ್ಯ ಬಲಿತ ಮೇಲೆ
ಗೆರೆ ಕೆಳಗಿಳಿಯುತ್ತದೆ, ಹೆಚ್ಚೂಕಡಿಮೆ ಅರ್ಧಕ್ಕೆ.
ಬಿಸಿಲು ಏರಿದಂತೆ ಬಿಸಿ ಇಳಿಯುವುದು
ಸಮೀಕರಣದಲ್ಲಿ ಬರುತ್ತದೆ,
ಮಾತಿನಲ್ಲಿ ಬರುತ್ತಿಲ್ಲ.
ಹನ್ನೊಂದು ಸಲ ಬರೆದು ಹನ್ನೊಂದು ಸಲ ಹೊಡೆದೆ.

ಅಷ್ಟರಲ್ಲಿ ಸಿಪ್ಪೆ ತಳ್ಳುವ ಸಿದ್ದರಾಜು ಬಂದ,
ಮಂಕಿಟೋಪಿ, ಒಬ್ಬನೇ.
ಗಾಣದ ಬೆಲ್ಟು ಕಡಿದದ್ದು, ನಿನ್ನೆಯ ಅಚ್ಚು ಸೀಳಿದ್ದು,
ಒಣಗದ ಸಿಪ್ಪೆ, ಮದ್ದೂರಿನ ಮಂಡಿಯವನ ಬಾಕಿ,
ಅತ್ತೆ ರಾತ್ರಿಯಿಡೀ ಕೂಡಿಟ್ಟ ಬೈಗುಳವೆಲ್ಲ
ಅವನೊಬ್ಬನ ತಲೆಗೇ.
ಗಾಣಕ್ಕೂ ಒಲೆಗೂ ನಡುವೆ ಅವನು
ಕಾಲು ನೆಲಕ್ಕೆ ಊರದೆ ಹಾರಾಡಿದ.

ಆಮೇಲೆ ಒಬ್ಬೊಬ್ಬರೇ ಬಂದರು,
ಕೆಂಪರಾಜಿ, ಅವಳ ಗಂಡ, ದೊಡ್ಡಬ್ಯಾಡರಹಳ್ಳಿಯ ಅಣ್ಣತಮ್ಮಂದಿರು.
ಎಂಟು ಜನ ಕೂಡಿದಾಗಲೂ ಬೈಗುಳಕ್ಕೆ ಬರವಿರಲಿಲ್ಲ,
ಇನ್ನೂ ಜೋರಾಗೇ ಇತ್ತು.
ತಲೆಗೊಂದು ಚೂರು ಬಂತು, ಅಷ್ಟೇ.
ಸಿದ್ದರಾಜು ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿದ.

ಅತ್ತೆ ನನ್ನ ಕಡೆ ತಿರುಗಿ
"ಇದೇ ಅಲ್ವಾ ನೀನ್ ಏಳಿದ್ದು?" ಅಂದಳು.

ಪೆನ್ನಿನ ಮುಚ್ಚಳ ಕಚ್ಚಿದೆ.
ಇದೇ. ರಾತ್ರಿ ಉಳಿದ ಎಲೆಕ್ಟ್ರಾನು ಬೆರಳೆಣಿಕೆ;
ಮೊದಲ ಬಿಸಿಲೆಲ್ಲ ಆ ನಾಲ್ವರ ಪಾಲು.
ಹೊತ್ತೇರಿದಂತೆ ಬಿಸಿಲೇ ಅಣುವಿನಿಂದ ಕಿತ್ತು
ಹೊಸಬರನ್ನು ಕೊಡುತ್ತದೆ. ಹಂಚಿಕೊಳ್ಳುತ್ತಾರೆ.
ಸಿಕ್ಕ ಸಿಕ್ಕ ಎಮ್ಮೆಗೂ ಒಂದಿಷ್ಟು ದಾಟಿಸುತ್ತಾರೆ.

"ನಿಮ್ಮ ಮಾವ ಓದ ವರ್ಸ," ಪಾಕ ನೋಡುತ್ತ ಅಂದಳು,
"ನಡು ಸುಗ್ಗೀಲಿ ನಾನೊಬ್ಳೇ..."
ಮುಗಿಸಲಿಲ್ಲ.
ಬಲಗೈ ತಣ್ಣೀರಲ್ಲಿ ಅದ್ದಿ
ಕುದಿಯುವ ಪಾಕಕ್ಕೆ ಇಳಿಸಿ, ಚಕ್ಕನೆ ತೆಗೆದು
ನೀರಲ್ಲಿ ಉರುಳಿಸಿ ನೋಡಿದಳು: ಉಂಡೆ ಕಟ್ಟಿತ್ತು.
ಉಪಗ್ರಹದ ಮೈಗೆ ಸಿಕ್ಕಿಸಿದ ಸಲಾಕೆಯೂ
ಹೀಗೇ ಏನೋ, ತಾನು ಬೇಯದೆ ಬಿಸಿ ಓದುತ್ತದೆ.
ಕೈಯ ಮೇಲಿನ ಹಳೆಯ ಕಲೆಗಳನ್ನು
ನಾನು ಎಣಿಸಲು ಹೋಗಲಿಲ್ಲ.

ಹನ್ನೆರಡನೇ ಸಲಕ್ಕೆ ವಾಕ್ಯ ನಿಂತಿತು.
ಗೈಡು ಮೇಡಂ ಕೆಂಪು ಶಾಯಿಯಲ್ಲಿ ಕೇಳುತ್ತಾರೆ, ಗೊತ್ತು:
ಆಧಾರ?
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ,
ಚಿಕ್ಕತಾಯಮ್ಮ, ಆಲೆಮನೆ, ಬೆಳಗಿನ ಐದೂವರೆ.
ಅಳಿಸಲು ರಬ್ಬರು ಹುಡುಕುತ್ತಿದ್ದೆ.

"ಕೊಪ್ಪರಿಗೆ ಇಳಿಸ್ತಾವ್ರೆ, ಆಚೆ ಸರಿ ಮಗ!"

ಎದ್ದ ಗಡಿಬಿಡಿಗೆ
ಒಂದು ಹನಿ ಪಾಕ ಹಾರಿ ಬಂದು
ಸರಿಯಾಗಿ ಆ ಹೆಸರಿನ ಮೇಲೆ ಕೂತು
ಅಲ್ಲೇ ಗಟ್ಟಿಯಾಯಿತು.