ಮೈಲುತುತ್ತು

ನಾಪೋಕ್ಲಿನಾಚೆ, ಮೆಣಸಿನ ಬಳ್ಳಿಗೆ ಔಷಧಿ ಹೊಡೆದು
ಬೊಳ್ಕ ಡ್ರಮ್ಮು ತೊಳೆಯುವ ಜಾಗ ಇದೇ:
ತೋಟ ಮುಗಿದು ಬೈಲು ಶುರುವಾಗುವ ತಗ್ಗು.
ಅವನ ಉಗುರು ನೀಲಿ. ಕಲ್ಲೂ ನೀಲಿ.

ಮೊಣಕಾಲುದ್ದ ಇಳಿದು ಕೊಳವೆ ಊರಿದೆ.
ಮೇಲೆ ಬಂತು ಒಂದು ಗೇಣು ಕೆಸರು.
ಮೂಗಿಗೆ ಹಿಡಿದರೆ
ವಾಸನೆಯೇ ಇಲ್ಲ.

"ಮೊದಲು ಕೊಳೆತ ಮೊಟ್ಟೆಯ ನಾತ ಅಕ್ಕಾ,
ಈಗ ಚೊಕ್ಕ" ಅಂದ, ಖುಷಿಯಲ್ಲೇ.

ಹೇಗೆ ಹೇಳಲಿ, ಆ ನಾತ
ಗಾಳಿ ಕಾಣದ ಕೋಟಿ ಜೀವ
ಕತ್ತಲಲ್ಲಿ ಬಿಡುತ್ತಿದ್ದ ಉಸಿರೆಂದು?
ನಮ್ಮ ತಾಮ್ರ ಹಿಡಿದು, ಕಪ್ಪಾಗಿಸಿ,
ಮಡಿಲಲ್ಲೇ ಕಟ್ಟಿಟ್ಟದ್ದು ಆ ಉಸಿರೇ,
ವರ್ಷಕ್ಕೆರಡು ಸಲ, ಅವನಪ್ಪನ ಕಾಲದಿಂದ,
ಸಾಕು ಅನ್ನದೆ.

ಹೋದ ಸಲದ ಕೆಸರು ಲ್ಯಾಬಿನಲ್ಲಿದೆ.
ಹದಿನೇಳು ತಟ್ಟೆ ಬರಿದು.
ಹದಿನೆಂಟನೆಯದರಲ್ಲಿ ಸೂಜಿಮೊನೆಯಷ್ಟು ಚುಕ್ಕೆ:
ತೂತು ದೋಣಿಯವನಂತೆ
ಒಳಬಂದ ತಾಮ್ರವನ್ನು ಹೊರಗೆ ಮೊಗೆದು ಮೊಗೆದು
ಬೆಳೆಯಲು ಪುರುಸೊತ್ತಿಲ್ಲದ್ದು.

ತುತ್ತು ಅಂತ ಹೆಸರಿಟ್ಟವರು ಯಾರೋ.
ಬೊಳ್ಕ ಬುತ್ತಿ ಬಿಚ್ಚಿ
ಕೈ ತೊಳೆಯಲು ಅದೇ ತಗ್ಗಿಗೆ ಬಾಗಿದ.
"ತಡಿ" ಅಂದೆ. ನನ್ನ ಬಾಟಲಿ ನೀರು ಸುರಿದೆ.
ನೀಲಿ ತೊಳೆದು
ಅದೂ ಹರಿದದ್ದು ಅಲ್ಲಿಗೇ.